ಡೀಸೆಲ್ ಎಂಜಿನ್ನಿಗೆ ತೆಂಗಿನೆಣ್ಣೆ: ಆಗುವುದೇ? ಆದರೆ ಲಾಭವೇ?

ಡೀಸೆಲ್ ಬೆಲೆ ಏರಿದಾಗಲೆಲ್ಲ, ಕೊಬ್ಬರಿಯ ಧಾರಣೆ ಕುಸಿದಾಗಲೆಲ್ಲ ಕರಾವಳಿಯ ರೈತರಿಂದ ಒಂದು ಪ್ರಶ್ನೆ ಬರುವುದುಂಟು: ನಮ್ಮ ತೋಟದ ತೆಂಗಿನೆಣ್ಣೆಯಿಂದಲೇ ನಮ್ಮ ಪಂಪನ್ನು ಏಕೆ ಓಡಿಸಬಾರದು? ಪ್ರಶ್ನೆ ಸರಳ. ಆದರೆ ಉತ್ತರವನ್ನು ಒಂದೇ ಮಾತಿನಲ್ಲಿ ಹೇಳಿದರೆ ರೈತನಿಗೆ ನಷ್ಟವಾಗುವ ಸಂಭವವಿದೆ. ಆದುದರಿಂದ ಈ ವಿಷಯವನ್ನು ಎಂಜಿನ್ನಿನ ಕಡೆಯಿಂದಲೂ ಜೇಬಿನ ಕಡೆಯಿಂದಲೂ ಪರಿಶೀಲಿಸುವುದು ಅಗತ್ಯ.

ಮಂಗಳೂರಿನ ಬೋಳಾರದಲ್ಲಿ ವಾಸವಾಗಿರುವ ಹಿರಿಯ ರೈತರೊಬ್ಬರು ಈ ಪ್ರಶ್ನೆಯನ್ನು ಕೇಳುವ ಮೊದಲೇ ಪ್ರಯೋಗವನ್ನೂ ಮಾಡಿ ಮುಗಿಸಿದ್ದರು. ಬೋಳಾರವು ನೇತ್ರಾವತಿ ನದಿ ಕಡಲು ಸೇರುವ ಅಳಿವೆಗೆ ಹತ್ತಿರದ ಜಾಗ. ಬೇಸಿಗೆಯಲ್ಲಿ ಇಲ್ಲಿಯವರೆಗೆ ಉಪ್ಪುನೀರು ಏರುತ್ತದೆ. ಇವರ ತೋಟವಿರುವುದು ನದಿಯ ಮೇಲ್ಭಾಗದಲ್ಲಿ, ಸಿಹಿನೀರು ಸಿಗುವಲ್ಲಿ. ಕರೆಂಟು ಕೈಕೊಟ್ಟಾಗ ಇರಲಿ ಎಂದು 5 ಅಶ್ವಶಕ್ತಿಯ ಡೀಸೆಲ್ ಪಂಪ್‌ಸೆಟ್ಟನ್ನು ಇಟ್ಟುಕೊಂಡಿದ್ದಾರೆ. ಒಂದು ಮಳೆಗಾಲದಲ್ಲಿ ಬಿಡದೆ ಸುರಿದ ಮಳೆಯಿಂದಾಗಿ ಅವರ ಮೂರು ಮೂಟೆ ಕೊಬ್ಬರಿಗೆ ಬೂಸ್ಟು ಹಿಡಿಯಿತು. ವ್ಯಾಪಾರಿ ಅದಕ್ಕೆ ಹೇಳಿದ ಬೆಲೆ ಮನಸ್ಸಿಗೆ ಒಗ್ಗಲಿಲ್ಲ. ಗಾಣಕ್ಕೆ ಹಾಕಿಸಿ ಎಣ್ಣೆ ತೆಗೆಸಿದರೆ, ಕಮಟು ವಾಸನೆಯಿಂದ ಅಡುಗೆಗೆ ಬಾರದಾಯಿತು. ಡಿಸೆಂಬರಿನಲ್ಲಿ ತೋಟಕ್ಕೆ ನೀರು ಬಿಡಲು ತೊಡಗಿದಾಗ ಆ ಎಣ್ಣೆಯನ್ನೇ ಡೀಸೆಲ್ ಟಾಂಕಿಗೆ ಸುರಿದರು. ಮೊದಲ ದಿನ ಮಧ್ಯಾಹ್ನ ಎಂಜಿನ್ ಚೆನ್ನಾಗಿಯೇ ಓಡಿತು. ಸಂಜೆ ಹಾಗೆಯೇ ನಿಲ್ಲಿಸಿ ಮನೆಗೆ ಬಂದರು. ಮರುದಿನ ಮುಂಜಾನೆ ಎಷ್ಟು ಹ್ಯಾಂಡಲ್ ತಿರುಗಿಸಿದರೂ ಎಂಜಿನ್ ಚಾಲೂ ಆಗಲಿಲ್ಲ.

"ಸಾರ್, ನಿನ್ನೆ ಓಡಿದ್ದು ಇವತ್ತು ಓಡ್ಲಿಕ್ಕೆ ಏನು ದಾಡಿ?" ಎಂಬುದು ಅವರ ಪ್ರಶ್ನೆಯಾಗಿತ್ತು. ಈ ಲೇಖನ ಆ ಪ್ರಶ್ನೆಗೆ ಉತ್ತರ.

ಹೊಸ ವಿಚಾರವಲ್ಲ

ಸಸ್ಯತೈಲದಿಂದ ಡೀಸೆಲ್ ಎಂಜಿನ್ ಓಡಿಸುವುದು ಆ ಎಂಜಿನ್ನಿನಷ್ಟೇ ಹಳೆಯ ವಿಚಾರ. ಜರ್ಮನಿಯ ರುಡಾಲ್ಫ್ ಡೀಸೆಲ್ ಅವರ ಎಂಜಿನ್ 1897ರಲ್ಲಿ ಯಶಸ್ವಿಯಾಗಿ ಓಡಿತು. 1900ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಜಾಗತಿಕ ವಸ್ತುಪ್ರದರ್ಶನದಲ್ಲಿ ಇಂತಹ ಒಂದು ಚಿಕ್ಕ ಎಂಜಿನ್ನನ್ನು ಕಡಲೆಕಾಯಿ ಎಣ್ಣೆಯಿಂದ ಓಡಿಸಿ ತೋರಿಸಲಾಯಿತು. ಕಲ್ಲೆಣ್ಣೆ ಅಗ್ಗವಾಗಿ ಸಿಗತೊಡಗಿದ ಮೇಲೆ ಈ ವಿಚಾರ ಹಿಂದೆ ಸರಿಯಿತು. ಅಂದಿನಿಂದ ಎಂಜಿನ್ನುಗಳ ಪಂಪು, ನಾಜಲ್, ಫಿಲ್ಟರ್ ಎಲ್ಲವೂ ತೆಳುವಾದ ಡೀಸೆಲ್ಲಿಗೆ ಹೊಂದುವಂತೆ ರೂಪುಗೊಂಡವು. ಈ ಅಂಶವನ್ನು ಮರೆಯಬಾರದು.

ತೆಂಗು ಹೇರಳವಾಗಿದ್ದು ಡೀಸೆಲ್ ದುರ್ಲಭವಾದ ಕಡೆಗಳಲ್ಲಿ ತೆಂಗಿನೆಣ್ಣೆ ಇಂಧನವಾಗಿ ಮತ್ತೆ ಮತ್ತೆ ಬಳಕೆಗೆ ಬಂದಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಫಿಲಿಪ್ಪೀನ್ಸ್ ದ್ವೀಪಗಳಲ್ಲಿ ಇದನ್ನು ಬಳಸಿದರು. 1990ರ ದಶಕದಲ್ಲಿ ಪಪುವಾ ನ್ಯೂಗಿನಿಯ ಬೂಗನ್‌ವಿಲ್ ದ್ವೀಪಕ್ಕೆ ದಿಗ್ಬಂಧನ ಹಾಕಿದಾಗ ಅಲ್ಲಿಯ ಜನ ತೆಂಗಿನೆಣ್ಣೆಯಿಂದಲೇ ವಾಹನಗಳನ್ನು ಓಡಿಸಿದರು. ಶಾಂತಸಾಗರದ ವನುವಾಟು ದೇಶದಲ್ಲಿ ವಿದ್ಯುತ್ ಉತ್ಪಾದಿಸುವ ಡೀಸೆಲ್ ಜನರೇಟರುಗಳಿಗೆ ತೆಂಗಿನೆಣ್ಣೆಯನ್ನು ಬೆರೆಸಿ ಬಳಸಲಾಗಿದೆ. ಫಿಲಿಪ್ಪೀನ್ಸ್ ಸರ್ಕಾರ ಕಾನೂನನ್ನೇ ಮಾಡಿತು. ಅದರಂತೆ ತೆಂಗಿನೆಣ್ಣೆಯಿಂದ ತಯಾರಿಸಿದ ಜೈವಿಕ ಡೀಸೆಲ್ಲನ್ನು 2007ರಿಂದ ಶೇಕಡಾ 1ರಷ್ಟು, 2009ರಿಂದ ಶೇಕಡಾ 2ರಷ್ಟು, 2024ರ ಅಕ್ಟೋಬರಿನಿಂದ ಶೇಕಡಾ 3ರಷ್ಟು ಸಾಮಾನ್ಯ ಡೀಸೆಲ್ಲಿಗೆ ಬೆರೆಸುವುದು ಕಡ್ಡಾಯವಾಯಿತು. 2008ರ ಫೆಬ್ರವರಿಯಲ್ಲಿ ಲಂಡನ್ನಿನಿಂದ ಆಮ್‌ಸ್ಟರ್‌ಡಾಮಿಗೆ ಹಾರಿದ ವಿಮಾನವೊಂದರ ಒಂದು ಎಂಜಿನ್ನಿಗೂ ತೆಂಗಿನೆಣ್ಣೆ ಸೇರಿದ ಇಂಧನವನ್ನು ಪರೀಕ್ಷಾರ್ಥವಾಗಿ ಕೊಡಲಾಗಿತ್ತು.

ನಮಗೆ ಹತ್ತಿರದ ಉದಾಹರಣೆ ಲಕ್ಷದ್ವೀಪ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್ ಮೊದಲಾದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಸೇರಿದ್ದವು. ಅಲ್ಲಿಯ ಕೊಬ್ಬರಿ ಮತ್ತು ನಾರು ಮಂಜಿಗಳಲ್ಲಿ ಮಂಗಳೂರಿನ ಹಳೆ ಬಂದರಿಗೆ ಬರುತ್ತಿದ್ದವು. ಬೋಳಾರ, ಹೊಯ್ಗೆ ಬಜಾರ್ ಭಾಗದ ಹಿರಿಯರಿಗೆ ಇದು ಹೊಸ ಸಂಗತಿಯಲ್ಲ. ಆ ದ್ವೀಪಗಳ ದೀಪಗಳು ಬಹುಕಾಲದಿಂದ ಉರಿಯುತ್ತಿರುವುದು ಮುಖ್ಯನೆಲದಿಂದ ಹಡಗಿನಲ್ಲಿ ಹೋಗುವ ಡೀಸೆಲ್ಲಿನಿಂದ. ಕೊಬ್ಬರಿ ಈ ಕಡೆಗೆ, ಡೀಸೆಲ್ ಆ ಕಡೆಗೆ. ಇಂತಹ ಕಡೆ ತೆಂಗಿನೆಣ್ಣೆಯ ಯೋಚನೆ ಬರುವುದು ಸಹಜ. ಆದರೆ ಪೆಟ್ರೋಲ್ ಬಂಕು ಹತ್ತು ಮೈಲಿಯೊಳಗೆ ಇರುವ ನಮ್ಮ ತೋಟಗಳಿಗೆ ಅದೇ ಲೆಕ್ಕ ಹೊಂದುವುದೇ ಎಂಬುದನ್ನು ಬೇರೆಯಾಗಿ ನೋಡಬೇಕು.

ತೆಂಗಿನೆಣ್ಣೆಯ ಒಳ್ಳೆಯ ಗುಣಗಳು

ಇಂಧನವಾಗಿ ನೋಡಿದಾಗ ಸಸ್ಯತೈಲಗಳಲ್ಲಿ ತೆಂಗಿನೆಣ್ಣೆಗೆ ಮೇಲಿನ ಸ್ಥಾನವಿದೆ. ಇದಕ್ಕೆ ಕಾರಣಗಳು ಮೂರು.

ಮೊದಲನೆಯದು, ಇದು ಸುಲಭವಾಗಿ ಅಂಟಾಗುವುದಿಲ್ಲ. ಎಣ್ಣೆಯೊಂದು ಗಾಳಿ ಮತ್ತು ಶಾಖದಿಂದ ಗೋಂದಿನಂತಾಗುವ ಸ್ವಭಾವವನ್ನು ಅಯೋಡಿನ್ ಮೌಲ್ಯದಿಂದ ಅಳೆಯುತ್ತಾರೆ. ಸೂರ್ಯಕಾಂತಿ ಎಣ್ಣೆಯಲ್ಲಿ ಇದು 120ಕ್ಕೂ ಮೇಲೆ, ಹೊಂಗೆ ಎಣ್ಣೆಯಲ್ಲಿ ಸುಮಾರು 80ರಿಂದ 90; ತೆಂಗಿನೆಣ್ಣೆಯಲ್ಲಿ ಕೇವಲ 7ರಿಂದ 10. ತೆಂಗಿನೆಣ್ಣೆಯ ಮೇದಾಮ್ಲಗಳಲ್ಲಿ ಶೇಕಡಾ 90ರಷ್ಟು ಪರ್ಯಾಪ್ತ ವರ್ಗಕ್ಕೆ ಸೇರಿದವು, ಅದರಲ್ಲೂ ಅರ್ಧದಷ್ಟು ಲಾರಿಕ್ ಆಮ್ಲವಾಗಿರುವುದೇ ಇದಕ್ಕೆ ಕಾರಣ.

ಎರಡನೆಯದು, ಇದು ಎಂಜಿನ್ನಿನೊಳಗೆ ಒತ್ತಡಕ್ಕೆ ಸಿಕ್ಕಿದೊಡನೆ ಬೇಗ ಹೊತ್ತಿಕೊಳ್ಳುತ್ತದೆ. ಆದುದರಿಂದ ಬಿಸಿಯಾದ ಎಂಜಿನ್ನಿನಲ್ಲಿ ಬಡಿತದ ಸದ್ದು ಹೆಚ್ಚಾಗುವುದಿಲ್ಲ.

ಮೂರನೆಯದು, ಸಂಗ್ರಹಿಸಿಡಲು ಅಪಾಯವಿಲ್ಲ. ತೆಂಗಿನೆಣ್ಣೆಯ ಆವಿಗೆ ಬೆಂಕಿ ತಗಲಬೇಕಾದರೆ ಎಣ್ಣೆ 200 ಡಿಗ್ರಿ ಸೆಲ್ಸಿಯಸ್ಸಿಗೂ ಮೇಲೆ ಕಾಯಬೇಕು. ಗಂಧಕದ ಅಂಶವೂ ಇದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ಶಕ್ತಿಯ ವಿಷಯಕ್ಕೆ ಬಂದರೆ, 1 ಕಿಲೋ ಡೀಸೆಲ್ ಸುಮಾರು 10,200 ಕಿಲೋಕ್ಯಾಲೊರಿ ಶಾಖವನ್ನು ಕೊಟ್ಟರೆ 1 ಕಿಲೋ ತೆಂಗಿನೆಣ್ಣೆ ಸುಮಾರು 8,800 ಕಿಲೋಕ್ಯಾಲೊರಿ ಕೊಡುತ್ತದೆ. ಆದರೆ ತೆಂಗಿನೆಣ್ಣೆ ಡೀಸೆಲ್ಲಿಗಿಂತ ತೂಕವಾದ ದ್ರವ. ಹೀಗಾಗಿ ಲೀಟರಿಗೆ ಲೀಟರ್ ಹೋಲಿಸಿದಾಗ ಕೊರತೆ ಶೇಕಡಾ 5ರಿಂದ 6 ಮಾತ್ರ. ಡೀಸೆಲ್ಲಿನಿಂದ ಗಂಟೆಗೆ 1.1 ಲೀಟರ್ ಕುಡಿಯುವ ಪಂಪು ತೆಂಗಿನೆಣ್ಣೆಯಲ್ಲಿ ಸುಮಾರು 1.17 ಲೀಟರ್ ಕುಡಿಯುತ್ತದೆ.

ತೊಂದರೆ ಇರುವುದೆಲ್ಲಿ?

ಇಷ್ಟೆಲ್ಲ ಒಳ್ಳೆಯ ಗುಣಗಳಿದ್ದರೂ ಬೋಳಾರದ ರೈತರ ಎಂಜಿನ್ ಏಕೆ ನಿಂತಿತು? ಉತ್ತರ ಅವರ ಮನೆಯ ಅಡುಗೆಕೋಣೆಯಲ್ಲೇ ಇತ್ತು. ಡಿಸೆಂಬರ್, ಜನವರಿಯ ಮುಂಜಾನೆ ಬಾಟಲಿಯಲ್ಲಿರುವ ತೆಂಗಿನೆಣ್ಣೆ ಬೆಣ್ಣೆಯಂತೆ ಗಟ್ಟಿಯಾಗಿರುವುದನ್ನು ನಾವೆಲ್ಲ ನೋಡಿದ್ದೇವೆ. ತೆಂಗಿನೆಣ್ಣೆ ಸುಮಾರು 24, 25 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಹೆಪ್ಪುಗಟ್ಟುತ್ತದೆ. ರಾತ್ರಿಯ ಚಳಿಗೆ ಟಾಂಕಿ, ಫಿಲ್ಟರ್, ಪಂಪು, ನಾಜಲ್‌ಗಳಲ್ಲಿ ಉಳಿದಿದ್ದ ಎಣ್ಣೆ ಹೆಪ್ಪಾಯಿತು. ಹರಿಯುವ ದಾರಿ ಮುಚ್ಚಿತು. ಹಾಗಿರುವಾಗ ಬಲಪ್ರಯೋಗದಿಂದ ಹ್ಯಾಂಡಲ್ ತಿರುಗಿಸಿದರೆ ಇಂಧನದ ಪಂಪಿನ ಸೂಕ್ಷ್ಮ ಭಾಗಗಳಿಗೆ ಪೆಟ್ಟಾಗುತ್ತದೆ.

ಹೆಪ್ಪುಗಟ್ಟದೆ ದ್ರವವಾಗಿಯೇ ಇದ್ದಾಗಲೂ ಇದು ಡೀಸೆಲ್ಲಿಗಿಂತ ಮಂದ. ದ್ರವವು ಹರಿಯಲು ಒಡ್ಡುವ ತಡೆಗೆ ಸ್ನಿಗ್ಧತೆ ಎನ್ನುತ್ತಾರೆ. 40 ಡಿಗ್ರಿ ಉಷ್ಣತೆಯಲ್ಲಿ ಡೀಸೆಲ್ಲಿನ ಸ್ನಿಗ್ಧತೆ 2ರಿಂದ 4.5 ಇದ್ದರೆ ತೆಂಗಿನೆಣ್ಣೆಯದು ಸುಮಾರು 27. ಇಷ್ಟು ಮಂದವಾದ ಎಣ್ಣೆ ನಾಜಲ್‌ನಿಂದ ಮಂಜಿನಂತೆ ಹರಡದೆ ದಪ್ಪ ಹನಿಗಳಾಗಿ ಬೀಳುತ್ತದೆ. ದಪ್ಪ ಹನಿ ಪೂರ್ತಿ ಉರಿಯುವುದಿಲ್ಲ. ಅರೆ ಉರಿದ ಎಣ್ಣೆ ನಾಜಲ್ ತುದಿಯಲ್ಲಿ ಇದ್ದಿಲಾಗಿ ಕೂರುತ್ತದೆ. ಪಿಸ್ಟನ್ ರಿಂಗುಗಳನ್ನು ಅಂಟಿಸುತ್ತದೆ. ಉಳಿದದ್ದು ಸಿಲಿಂಡರ್ ಗೋಡೆಯಿಂದ ಇಳಿದು ಕೀಲೆಣ್ಣೆಗೆ ಸೇರುತ್ತದೆ. ಕೀಲೆಣ್ಣೆ ಕೆಟ್ಟರೆ ಬೇರಿಂಗುಗಳ ಆಯುಷ್ಯ ಮುಗಿದಂತೆಯೇ. ಈ ಹಾನಿ ಒಂದೆರಡು ದಿನಗಳಲ್ಲಿ ಕಾಣುವುದಿಲ್ಲ. ನೂರಾರು ಗಂಟೆ ಓಡಿದ ಮೇಲೆ ಒಮ್ಮೆಲೇ ತಲೆದೋರುತ್ತದೆ. "ನಾನು ಹಾಕಿ ನೋಡಿದ್ದೇನೆ, ಏನೂ ಆಗಿಲ್ಲ" ಎನ್ನುವವರ ಮಾತನ್ನು ನಂಬುವ ಮೊದಲು ಎಷ್ಟು ಗಂಟೆ ಓಡಿಸಿದ್ದಾರೆ ಎಂದು ಕೇಳುವುದು ಒಳ್ಳೆಯದು.

ಬೂಸ್ಟು ಹಿಡಿದ ಕೊಬ್ಬರಿಯ ಎಣ್ಣೆಯಲ್ಲಿ ಇನ್ನೊಂದು ದೋಷವೂ ಇದೆ. ಕೊಬ್ಬರಿ ಕೆಡುವಾಗ ಎಣ್ಣೆ ಒಡೆದು ಬಿಡಿ ಆಮ್ಲಗಳು ಹುಟ್ಟುತ್ತವೆ. ಎಣ್ಣೆಯಲ್ಲಿ ನೀರಿನ ಅಂಶವೂ ಉಳಿದಿರುತ್ತದೆ. ಆಮ್ಲ ಮತ್ತು ನೀರು ಸೇರಿ ಇಂಧನದ ದಾರಿಯಲ್ಲಿರುವ ತಾಮ್ರ, ಹಿತ್ತಾಳೆಯ ಭಾಗಗಳನ್ನು ತಿನ್ನುತ್ತವೆ. ಅಂದರೆ ಅಡುಗೆಗೆ ಬೇಡವೆಂದು ನಾವು ಎಂಜಿನ್ನಿಗೆ ಸುರಿಯುವ ಎಣ್ಣೆಯೇ ಎಂಜಿನ್ನಿಗೆ ಎಲ್ಲಕ್ಕಿಂತ ಕೆಟ್ಟದ್ದು.

ಅನಿವಾರ್ಯವಾದಾಗ ಅನುಸರಿಸಬೇಕಾದ ಕ್ರಮ

ನೆರೆ ಬಂದು ರಸ್ತೆ ಕಡಿದಿದೆ, ಡೀಸೆಲ್ ಸಿಗುವುದಿಲ್ಲ, ನೀರೆತ್ತದಿದ್ದರೆ ಬೆಳೆ ಹೋಗುತ್ತದೆ ಎಂಬಂತಹ ಸಂದರ್ಭದಲ್ಲಿ ಮಾತ್ರ, ಹಳೆಯ ಮಾದರಿಯ, ನಿಧಾನವಾಗಿ ತಿರುಗುವ ಒಂಟಿ ಸಿಲಿಂಡರಿನ ಸ್ಥಾಯಿ ಎಂಜಿನ್ನುಗಳಲ್ಲಿ ಈ ಕೆಳಗಿನ ಎಚ್ಚರಿಕೆಗಳೊಂದಿಗೆ ತೆಂಗಿನೆಣ್ಣೆಯನ್ನು ಬಳಸಬಹುದು.

1. ಎಣ್ಣೆಯನ್ನು ಒಂದು ವಾರ ಅಲುಗಾಡಿಸದೆ ಇಟ್ಟು ಮೇಲಿನ ತಿಳಿಯನ್ನು ಮಾತ್ರ ತೆಗೆದುಕೊಳ್ಳಬೇಕು. ನಂತರ ಬಯಲಿನಲ್ಲಿ, ಒಬ್ಬರು ಕಾವಲಿದ್ದು, ನೀರಿನ ಚಟಪಟ ಸದ್ದು ನಿಲ್ಲುವವರೆಗೆ ಹದವಾಗಿ ಕಾಯಿಸಬೇಕು. ಆರಿದ ಮೇಲೆ ದಟ್ಟವಾದ ಬಟ್ಟೆಯಲ್ಲಿ ಎರಡು ಸಲ, ಕೊನೆಗೆ ಡೀಸೆಲ್ ಫಿಲ್ಟರಿನಲ್ಲಿ ಒಮ್ಮೆ ಸೋಸಬೇಕು.

2. ಶುದ್ಧ ತೆಂಗಿನೆಣ್ಣೆಯ ಬದಲು ಡೀಸೆಲ್ಲಿಗೆ ಬೆರೆಸಿ ಉಪಯೋಗಿಸುವುದು ಸುರಕ್ಷಿತ. 10 ಲೀಟರ್ ಮಿಶ್ರಣದಲ್ಲಿ 1ರಿಂದ 2 ಲೀಟರ್ ತೆಂಗಿನೆಣ್ಣೆಗಿಂತ ಹೆಚ್ಚು ಇರಬಾರದು.

3. ಎಂಜಿನ್ನನ್ನು ಬರೀ ಡೀಸೆಲ್ಲಿನಲ್ಲಿಯೇ ಚಾಲೂ ಮಾಡಬೇಕು. 10ರಿಂದ 15 ನಿಮಿಷ ಓಡಿ ಚೆನ್ನಾಗಿ ಬಿಸಿಯಾದ ಮೇಲೆ ಮಿಶ್ರಣಕ್ಕೆ ಬದಲಾಯಿಸಬೇಕು. ನಿಲ್ಲಿಸುವ 10 ನಿಮಿಷ ಮೊದಲು ಮತ್ತೆ ಡೀಸೆಲ್ಲಿಗೆ ತಿರುಗಿಸಿ, ಪೈಪು ಮತ್ತು ನಾಜಲ್‌ಗಳಲ್ಲಿ ಡೀಸೆಲ್ ಮಾತ್ರ ಉಳಿಯುವಂತೆ ನೋಡಬೇಕು. ಇದಕ್ಕಾಗಿ ಎರಡು ಟಾಂಕಿ ಮತ್ತು ಒಂದು ತಿರುಗು ಕೀಲಿ ಬೇಕಾಗುತ್ತದೆ. ಬೋಳಾರದ ರೈತರು ತಪ್ಪಿದ್ದು ಮುಖ್ಯವಾಗಿ ಈ ಹಂತದಲ್ಲಿ.

4. ಎಂಜಿನ್ನನ್ನು ಹೊರೆಯಿಲ್ಲದೆ ಬಹಳ ಹೊತ್ತು ಓಡಿಸಬಾರದು. ತಣ್ಣಗಿನ ಸಿಲಿಂಡರಿನಲ್ಲಿಯೇ ಇದ್ದಿಲು ಹೆಚ್ಚು ಕಟ್ಟುವುದು.

5. ಕೀಲೆಣ್ಣೆಯನ್ನು ವಾಡಿಕೆಯ ಅರ್ಧ ಅವಧಿಗೇ ಬದಲಾಯಿಸಬೇಕು. ಅಳತೆಯ ಕಡ್ಡಿಯಲ್ಲಿ ಎಣ್ಣೆಯ ಮಟ್ಟ ಏರುತ್ತಿರುವುದು ಕಂಡರೆ, ಇಂಧನ ಕೀಲೆಣ್ಣೆಗೆ ಸೇರುತ್ತಿದೆಯೆಂದು ತಿಳಿದು ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಬೇಕು.

ಎಣ್ಣೆಯನ್ನು 80 ಡಿಗ್ರಿಗೆ ಕಾಯಿಸಿ ಕೊಟ್ಟರೆ ಅದರ ಸ್ನಿಗ್ಧತೆ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ದ್ವೀಪಗಳ ದೊಡ್ಡ ಜನರೇಟರುಗಳಲ್ಲಿ ಇಂತಹ ವ್ಯವಸ್ಥೆಯನ್ನು ಮಾಡಿಕೊಳ್ಳುತ್ತಾರೆ. ತೋಟದ ಪಂಪಿಗೆ ಅಷ್ಟು ಖರ್ಚು ಮಾಡುವುದು ಸರಿಹೋಗದು.

ಎರಡು ಕಡೆ ಇದು ಎಂದಿಗೂ ಬೇಡ. ಒಂದು, ಇಂಧನವನ್ನು ವಿದ್ಯುನ್ಮಾನ ವ್ಯವಸ್ಥೆಯಿಂದ ಅತಿ ಒತ್ತಡದಲ್ಲಿ ಚಿಮ್ಮಿಸುವ ಈಚಿನ ಟ್ರಾಕ್ಟರ್, ಜೀಪು, ಕಾರುಗಳು. ಇನ್ನೊಂದು, ಕಡಲಿಗಿಳಿಯುವ ದೋಣಿಗಳು. ತೋಟದಲ್ಲಿ ಎಂಜಿನ್ ನಿಂತರೆ ಒಂದು ದಿನದ ನೀರು ತಪ್ಪೀತು. ಅಳಿವೆ ಬಾಗಿಲಿನ ಅಲೆಗಳ ನಡುವೆ ಎಂಜಿನ್ ನಿಂತರೆ ಪ್ರಾಣಕ್ಕೇ ಸಂಚಕಾರ.

ಲೆಕ್ಕ ಏನು ಹೇಳುತ್ತದೆ?

ಈಗ ಹಣದ ವಿಷಯ. ಇದನ್ನು ಪ್ರತಿಯೊಬ್ಬ ರೈತನೂ ತಾನೇ ಲೆಕ್ಕ ಹಾಕಿಕೊಳ್ಳಬಹುದು.

ನಮ್ಮ ಪಶ್ಚಿಮ ಕರಾವಳಿಯ ಎತ್ತರದ ತಳಿಯಲ್ಲಿ ಒಂದು ಕಾಯಿಗೆ ಸುಮಾರು 160 ಗ್ರಾಂ ಕೊಬ್ಬರಿ ಎಂದು ಹಿಡಿಯೋಣ. ಒಳ್ಳೆಯ ಕೊಬ್ಬರಿಯಲ್ಲಿ ಶೇಕಡಾ 62ರಷ್ಟು ಎಣ್ಣೆ ಗಾಣದಲ್ಲಿ ಸಿಗುತ್ತದೆ. 1 ಲೀಟರ್ ಎಣ್ಣೆಯ ತೂಕ ಸುಮಾರು 920 ಗ್ರಾಂ. ಆದುದರಿಂದ 1 ಲೀಟರ್ ಎಣ್ಣೆಗೆ ಸುಮಾರು 1.48 ಕಿಲೋ ಕೊಬ್ಬರಿ, ಅಂದರೆ 9ರಿಂದ 10 ಕಾಯಿ ಬೇಕು. ನಮ್ಮ 5 ಅಶ್ವಶಕ್ತಿಯ ಪಂಪು ಒಂದು ಗಂಟೆ ಓಡಲು 11 ಕಾಯಿ ಬೇಕಾಗುತ್ತದೆ.

ಹೆಕ್ಟೇರಿಗೆ 175 ಮರ, ಮರಕ್ಕೆ ವರ್ಷಕ್ಕೆ 80 ಕಾಯಿ ಎಂದರೆ ಒಟ್ಟು 14,000 ಕಾಯಿ. ಬೇಸಿಗೆಯಲ್ಲಿ ಪಂಪು 300 ಗಂಟೆ ಓಡಿದರೆ 3,300 ಕಾಯಿ ಎಂಜಿನ್ನಿನ ಹೊಟ್ಟೆಗೆ ಹೋಗುತ್ತದೆ. ಬೆಳೆಯ ಸುಮಾರು ಕಾಲು ಭಾಗ ಬೆಳೆಗೆ ನೀರುಣಿಸುವುದಕ್ಕೇ ಮುಗಿದ ಹಾಗಾಯಿತು.

ಬೆಲೆಯನ್ನು ಹೋಲಿಸೋಣ. 2025ನೆಯ ಸಾಲಿಗೆ ಕೇಂದ್ರ ಸರ್ಕಾರವು ಎಣ್ಣೆ ತೆಗೆಯುವ ಹೋಳು ಕೊಬ್ಬರಿಗೆ ಕ್ವಿಂಟಲಿಗೆ 11,582 ರೂಪಾಯಿ, ಉಂಡೆ ಕೊಬ್ಬರಿಗೆ 12,100 ರೂಪಾಯಿ ಬೆಂಬಲ ಬೆಲೆಯನ್ನು ಗೊತ್ತುಪಡಿಸಿತ್ತು. ಈ ದರದಲ್ಲಿ 11 ಕಾಯಿಯ 1.76 ಕಿಲೋ ಕೊಬ್ಬರಿಯ ಬೆಲೆ ಸುಮಾರು 204 ರೂಪಾಯಿ. ಡೀಸೆಲ್ ಲೀಟರಿಗೆ 90 ರೂಪಾಯಿ ಎಂದು ಹಿಡಿದರೆ ಅದೇ ಒಂದು ಗಂಟೆಯ ಕೆಲಸಕ್ಕೆ 99 ರೂಪಾಯಿ ಸಾಕು. ಅದೂ 2025ರ ಮಧ್ಯದಲ್ಲಿ ಪೇಟೆಯ ಧಾರಣೆ ಬೆಂಬಲ ಬೆಲೆಗಿಂತ ಬಹಳ ಮೇಲಿತ್ತು. ಆಗ ತೆಂಗಿನೆಣ್ಣೆಯನ್ನು ಉರಿಸುವುದೆಂದರೆ ನೋಟನ್ನೇ ಉರಿಸಿದಂತೆ.

ಹಾಗಾದರೆ ಕೊಬ್ಬರಿ ಬೆಲೆ ಎಷ್ಟಕ್ಕೆ ಇಳಿದರೆ ಈ ಯೋಚನೆ ಮಾಡಬಹುದು? ಗಾಣದ ಕೂಲಿಯೂ ಹಿಂಡಿಯ ಬೆಲೆಯೂ ಸರಿಸಮವಾಯಿತೆಂದು ಬಿಟ್ಟರೆ ಒಂದು ಸುಲಭ ಸೂತ್ರವಿದೆ. ಒಂದು ಲೀಟರ್ ಡೀಸೆಲ್ಲಿನ ಬೆಲೆಯನ್ನು 8 ಭಾಗ ಮಾಡಿ ಅದರಲ್ಲಿ 5 ಭಾಗ ತೆಗೆದುಕೊಳ್ಳಿ. ಒಂದು ಕಿಲೋ ಕೊಬ್ಬರಿಯ ಬೆಲೆ ಅದಕ್ಕಿಂತ ಕಡಿಮೆಯಿದ್ದರೆ ಮಾತ್ರ ಎಣ್ಣೆ ಡೀಸೆಲ್ಲಿಗಿಂತ ಅಗ್ಗ. ಡೀಸೆಲ್ 90 ರೂಪಾಯಿ ಇದ್ದಾಗ ಈ ಮಿತಿ ಸುಮಾರು 56 ರೂಪಾಯಿ. ಇದು 2025ರ ಬೆಂಬಲ ಬೆಲೆಯ ಅರ್ಧಕ್ಕೂ ಕಡಿಮೆ. ಇದರಲ್ಲಿ ನಾಜಲ್ ಬದಲಾವಣೆ, ಕೀಲೆಣ್ಣೆ, ಮೆಕ್ಯಾನಿಕ್ಕಿನ ಕೂಲಿಗಳನ್ನು ಸೇರಿಸಿಲ್ಲ.

ಜೈವಿಕ ಡೀಸೆಲ್ ಮಾಡಿದರೆ?

ತೆಂಗಿನೆಣ್ಣೆಯನ್ನು ಮೆಥನಾಲ್ ಮತ್ತು ಕ್ಷಾರದೊಂದಿಗೆ ಪ್ರತಿಕ್ರಿಯೆಗೆ ಒಳಪಡಿಸಿದರೆ ಗ್ಲಿಸರಿನ್ ಬೇರ್ಪಟ್ಟು ತೆಳುವಾದ ಎಸ್ಟರ್ ಉಳಿಯುತ್ತದೆ. ಇದೇ ಜೈವಿಕ ಡೀಸೆಲ್. ಇದರ ಸ್ನಿಗ್ಧತೆ ಡೀಸೆಲ್ಲಿಗೆ ಸಮ. ನಮ್ಮ ಚಳಿಗೆ ಹೆಪ್ಪುಗಟ್ಟುವುದೂ ಇಲ್ಲ. ಫಿಲಿಪ್ಪೀನ್ಸಿನಲ್ಲಿ ಬೆರೆಸುವುದು ಇದನ್ನೇ, ಹಸಿ ಎಣ್ಣೆಯನ್ನಲ್ಲ.

ಆದರೆ ಇದನ್ನು ಮನೆಯ ಹಿತ್ತಿಲಲ್ಲಿ ಮಾಡಲು ಹೋಗಬಾರದು. ಮೆಥನಾಲ್ ಕಣ್ಣು ಕಳೆಯುವ, ಪ್ರಾಣ ತೆಗೆಯುವ ವಿಷ; ಬೇಗನೆ ಬೆಂಕಿ ಹಿಡಿಯುವ ದ್ರವ. ಆಮ್ಲತೆ ಹೆಚ್ಚಿದ ಕೆಟ್ಟ ಎಣ್ಣೆಯಲ್ಲಿ ಎಸ್ಟರಿನ ಬದಲು ಸಾಬೂನು ಹುಟ್ಟಿ ಎಲ್ಲವೂ ಮುದ್ದೆಯಾಗುತ್ತದೆ. ಮಾರಾಟಕ್ಕೆ ಭಾರತೀಯ ಮಾನಕವೂ ಸರ್ಕಾರದ ನಿಯಮಗಳೂ ಇವೆ. ಮೇಲಾಗಿ ನಮ್ಮ ದೇಶ ತನಗೆ ಬೇಕಾದ ಖಾದ್ಯತೈಲದ ಅರ್ಧಕ್ಕೂ ಹೆಚ್ಚು ಭಾಗವನ್ನು ಹೊರಗಿನಿಂದ ತರಿಸುತ್ತಿದೆ. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯು ಜೈವಿಕ ಡೀಸೆಲ್ಲಿಗೆ ಖಾದ್ಯವಲ್ಲದ ಎಣ್ಣೆಬೀಜಗಳಿಗೂ ಕರಿದು ಉಳಿದ ಎಣ್ಣೆಗೂ ಒತ್ತು ಕೊಟ್ಟಿರುವುದು ಇದೇ ಕಾರಣಕ್ಕೆ.

ಎಂಜಿನ್ನಿಗೆ ಹೊಂಗೆ ಇದೆ

ಖಾದ್ಯವಲ್ಲದ ಎಣ್ಣೆಯ ವಿಷಯದಲ್ಲಿ ಕರ್ನಾಟಕಕ್ಕೆ ತನ್ನದೇ ಅನುಭವವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಉಡುಪಿ ಶ್ರೀನಿವಾಸ ಅವರು 1990ರ ದಶಕದ ಕೊನೆಯಲ್ಲಿ ಹೊಂಗೆ ಎಣ್ಣೆಯಿಂದ ಡೀಸೆಲ್ ಜನರೇಟರುಗಳನ್ನು ಓಡಿಸಿ, ಕಗ್ಗನಹಳ್ಳಿಯ ರೈತರ ಹೊಲಗಳಿಗೆ ನೀರೆತ್ತುವ ಕಾರ್ಯವನ್ನು ಕೈಗೊಂಡರು. ಹಾಸನದ ಬಳಿಯ ಮಡೆನೂರಿನಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಜೈವಿಕ ಇಂಧನ ಉದ್ಯಾನವನ್ನು ಸ್ಥಾಪಿಸಿ ಹೊಂಗೆ, ಬೇವು, ಹಿಪ್ಪೆ ಮೊದಲಾದ ಮರಗಳ ಬೀಜ ಸಂಗ್ರಹಣೆಗೆ ಪ್ರೋತ್ಸಾಹ ನೀಡಿತು.

ಹೊಂಗೆ ಬದುವಿನಲ್ಲಿ, ಹಳ್ಳದ ಬದಿಯಲ್ಲಿ ತಾನಾಗಿ ಬೆಳೆಯುವ ಮರ. ಬೀಜದಲ್ಲಿ ಶೇಕಡಾ 25ರಿಂದ 30ರಷ್ಟು ಎಣ್ಣೆಯಿದೆ. ಎಣ್ಣೆ ಊಟಕ್ಕೆ ಬಾರದು. ಹಿಂಡಿ ಒಳ್ಳೆಯ ಗೊಬ್ಬರ. ಅಂಟಾಗುವ ಗುಣ ಹೊಂಗೆಯಲ್ಲಿ ತೆಂಗಿಗಿಂತ ಹೆಚ್ಚಾದ್ದರಿಂದ ಮೇಲೆ ಹೇಳಿದ ಎಚ್ಚರಿಕೆಗಳು ಇದಕ್ಕೂ ಅನ್ವಯಿಸುತ್ತವೆ. ಊಟದ ಎಣ್ಣೆಯನ್ನು ಎಂಜಿನ್ನಿಗೆ ಹಾಕುವ ಮೊದಲು ಬದುವಿನ ಹೊಂಗೆಯ ಕಡೆ ನೋಡುವುದು ವಿವೇಕ.

ನಷ್ಟ ಆದದ್ದು ಎಲ್ಲಿ?

ಈಗ ಬೋಳಾರದ ರೈತರ ಲೆಕ್ಕಕ್ಕೆ ಮರಳೋಣ. ಅವರ ಮೂರು ಮೂಟೆಯಲ್ಲಿ ಸುಮಾರು 150 ಕಿಲೋ ಕೊಬ್ಬರಿಯಿತ್ತು. ಕೆಟ್ಟ ಕೊಬ್ಬರಿಯಾದ್ದರಿಂದ ಎಣ್ಣೆ ಸುಮಾರು 85 ಲೀಟರ್ ಮಾತ್ರ ಸಿಕ್ಕಿತು. ಎಲ್ಲವೂ ಸುಸೂತ್ರವಾಗಿ ನಡೆದಿದ್ದರೂ ಅದು 80 ಲೀಟರ್ ಡೀಸೆಲ್ಲಿಗೆ ಸಮ. ಲೀಟರಿಗೆ 90ರಂತೆ 7,200 ರೂಪಾಯಿ. ಅದೇ 150 ಕಿಲೋ ಕೊಬ್ಬರಿ ಚೆನ್ನಾಗಿ ಒಣಗಿದ್ದರೆ 2025ರ ಬೆಂಬಲ ಬೆಲೆಯಲ್ಲೇ 17,373 ರೂಪಾಯಿ ಬರುತ್ತಿತ್ತು. ಹತ್ತು ಸಾವಿರಕ್ಕೂ ಮಿಕ್ಕಿದ ನಷ್ಟ ಎಂಜಿನ್ನಿನಲ್ಲಿ ಆದದ್ದಲ್ಲ. ಅದು ಮಳೆಗಾಲದಲ್ಲಿ, ಕೊಬ್ಬರಿ ಒಣಗಿಸುವ ಅಂಗಳದಲ್ಲೇ ಆಗಿಹೋಗಿತ್ತು. ಎಂಜಿನ್ನಿನ ದುರಸ್ತಿ ಅದರ ಮೇಲಿನ ದಂಡ.

ಆದುದರಿಂದ ಇವರಿಗೆ ನಾವು ಕೊಟ್ಟ ಸಲಹೆ ಎಂಜಿನ್ನಿನ ಬಗ್ಗೆ ಇರಲಿಲ್ಲ. ಒಣಗಿಸುವ ಗೂಡಿನ ಬಗ್ಗೆ ಇತ್ತು.

ಹಸಿ ತೆಂಗಿನ ತಿರುಳಿನಲ್ಲಿ ಅರ್ಧದಷ್ಟು ನೀರಿರುತ್ತದೆ. ಇದನ್ನು ಶೇಕಡಾ 6ಕ್ಕೆ ಇಳಿಸಿದರೆ ಮಾತ್ರ ಕೊಬ್ಬರಿ ಕೆಡದೆ ಉಳಿಯುತ್ತದೆ. ಕಾಯಿ ಒಡೆದ ನಾಲ್ಕು ಗಂಟೆಗಳೊಳಗೆ ಒಣಗಿಸಲು ತೊಡಗಬೇಕು. ತಡವಾದಷ್ಟೂ ಬೂಸ್ಟಿಗೆ ಅವಕಾಶ. ಮಳೆಗಾಲದಲ್ಲಿ ಬಿಸಿಲನ್ನು ನಂಬಿ ಕೂರುವಂತಿಲ್ಲ. 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಆರಂಭವಾಗಿ, 1970ರಿಂದ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಗಿರುವ ಕಾಸರಗೋಡಿನ ಸಂಸ್ಥೆಯು ಗೆರಟೆಯನ್ನೇ ಉರುವಲಾಗಿ ಬಳಸುವ ಒಣಗಿಸುವ ಗೂಡುಗಳನ್ನು ರೂಪಿಸಿದೆ. ಚಿಕ್ಕ ಹಿಡುವಳಿದಾರರಿಗೆ ಕೆಲವು ನೂರು ಕಾಯಿಗಳ ಸಾಮರ್ಥ್ಯದ ಗೂಡು ಸಾಕಾಗುತ್ತದೆ. ಹಿಂದಿನ ಕಂತಿನಿಂದ ಉಳಿದ ಗೆರಟೆಗಳನ್ನು ಒಂದರೊಳಗೊಂದು ಜೋಡಿಸಿ ಹೊತ್ತಿಸಿದರೆ ಹೊಗೆ ಕಡಿಮೆಯಾಗಿ ಹದವಾದ ಕಾವು ಬಹಳ ಹೊತ್ತು ನಿಲ್ಲುತ್ತದೆ. ಉಷ್ಣತೆ 70 ಡಿಗ್ರಿ ದಾಟದಂತೆ ನೋಡಿಕೊಳ್ಳಬೇಕು. ದಾಟಿದರೆ ಕೊಬ್ಬರಿಯ ಮೇಲ್ಮೈ ಸುಟ್ಟು ಒಳಗೆ ನೀರು ಉಳಿಯುತ್ತದೆ.

ಒಂದು ಕಾಯಿಯಲ್ಲಿ ಎರಡು ಇಂಧನಗಳಿವೆ ಎನ್ನಬಹುದು: ಎಣ್ಣೆ ಮತ್ತು ಗೆರಟೆ. ಬೆಲೆ ಬಾಳುವುದನ್ನು ಮಾರಿ, ಉರುವಲಿಗೆಂದೇ ಇರುವುದನ್ನು ಉರಿಸುವುದು ಹಿಂದಿನಿಂದ ಬಂದ ಕ್ರಮ. ಗೆರಟೆಯಿಂದ ಅನಿಲ ತೆಗೆದು ಡೀಸೆಲ್ ಎಂಜಿನ್ನಿಗೆ ಕೊಡುವ ವಿಧಾನವೂ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯು ಇಂತಹ ಅನಿಲ ಉತ್ಪಾದಕಗಳ ಮೇಲೆ ದೀರ್ಘಕಾಲ ಕೆಲಸ ಮಾಡಿದೆ. ಅನಿಲವನ್ನು ಚೆನ್ನಾಗಿ ಶುದ್ಧಮಾಡಿ ಕೊಟ್ಟಾಗ ಡೀಸೆಲ್ಲಿನ ಮೂರರಲ್ಲಿ ಎರಡು ಭಾಗಕ್ಕೂ ಹೆಚ್ಚು ಉಳಿಸಬಹುದು. ಆದರೆ ನಿತ್ಯ ನಿಗಾ ಬೇಕಾದ ಯಂತ್ರವಾದ್ದರಿಂದ ಒಬ್ಬ ರೈತನ ಪಂಪಿಗಿಂತ, ದಿನವಿಡೀ ಎಂಜಿನ್ ಓಡುವ ಎಣ್ಣೆ ಗಿರಣಿಯಂತಹ ಕಡೆ ಇದು ಹೆಚ್ಚು ಹೊಂದುತ್ತದೆ.

ಈಗಾಗಲೇ ಕೆಟ್ಟಿರುವ ಕೊಬ್ಬರಿಯನ್ನು ಏನು ಮಾಡಬೇಕು? ಅದರ ಎಣ್ಣೆ ಸಾಬೂನಿಗೆ ಚೆನ್ನಾಗಿ ಒದಗುತ್ತದೆ. ನೊರೆ ಬರುವ ಸಾಬೂನಿಗೆ ತೆಂಗಿನೆಣ್ಣೆಯೇ ಮುಖ್ಯ ಸಾಮಗ್ರಿ. ಅಲ್ಲಿ ಕಮಟು ಎಣ್ಣೆಗೂ ಗಿರಾಕಿಯಿದೆ. ದೀಪಕ್ಕೂ ಬಳಸಬಹುದು. ಆದರೆ ಒಂದು ಮುಖ್ಯ ಎಚ್ಚರಿಕೆ: ಬೂಸ್ಟು ಹಿಡಿದ ಕೊಬ್ಬರಿಯ ಹಿಂಡಿಯನ್ನು ಹಸುಗಳಿಗೆ ತಿನ್ನಿಸಬಾರದು. ಬೂಸ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ಹಿಂಡಿಯಲ್ಲಿ ಉಳಿಯುತ್ತದೆ. ಹಸುವಿನ ಯಕೃತ್ತನ್ನು ಕೆಡಿಸುತ್ತದೆ. ಹಾಲಿನ ಮೂಲಕ ಮನೆಯ ಮಕ್ಕಳಿಗೂ ಸೇರುತ್ತದೆ. ಅಂತಹ ಹಿಂಡಿಯನ್ನು ಗೊಬ್ಬರದ ಗುಂಡಿಗೆ ಹಾಕುವುದೇ ಸರಿ.

ಕೊನೆಯದಾಗಿ

ಡೀಸೆಲ್ ಎಂಜಿನ್ ತೆಂಗಿನೆಣ್ಣೆಯಿಂದ ಓಡುತ್ತದೆಯೇ ಎಂದರೆ ಓಡುತ್ತದೆ. ಓಡಿಸಬೇಕೇ ಎಂದರೆ, ಡೀಸೆಲ್ ಸಿಗದ ದ್ವೀಪದಲ್ಲಿ ಅಥವಾ ಆಪತ್ಕಾಲದಲ್ಲಿ, ತಿಳಿದವರ ಕೈಯಿಂದ, ಓಡಿಸಬಹುದು. ದಿನನಿತ್ಯದ ಬೇಸಾಯಕ್ಕೆ ಇದು ಲಾಭದ ದಾರಿಯಲ್ಲ. ಕೊಬ್ಬರಿಯ ಬೆಲೆ ಮುಂದೆ ಬಹಳ ಕುಸಿದರೆ, ಮೇಲೆ ಹೇಳಿದ ಎಂಟರಲ್ಲಿ ಐದು ಭಾಗದ ಸೂತ್ರದಿಂದ ರೈತರು ತಾವೇ ಲೆಕ್ಕ ನೋಡಿ ತೀರ್ಮಾನಿಸಬಹುದು.

ಬೋಳಾರದ ಆ ಹಿರಿಯರು ನಾಜಲ್ ಬದಲಾಯಿಸಿ, ಟಾಂಕಿ ತೊಳೆಸಿ, ಪಂಪನ್ನು ಮತ್ತೆ ಡೀಸೆಲ್ಲಿನಲ್ಲಿಯೇ ಓಡಿಸುತ್ತಿದ್ದಾರೆ. ಉಳಿದ ಎಣ್ಣೆ ಸಾಬೂನು ಮಾಡುವವರಿಗೆ ಹೋಯಿತು. ಮುಂದಿನ ಮಳೆಗಾಲಕ್ಕೆ ಮೊದಲೇ ತೋಟದ ಮನೆಯ ಹಿಂದೆ ಒಂದು ಚಿಕ್ಕ ಗೂಡನ್ನು ಕಟ್ಟಿಸಿದರು. ಆ ಆಟಿಯಲ್ಲಿ ಮಳೆ ಕಡಿಮೆಯೇನೂ ಆಗಲಿಲ್ಲ. ಆದರೆ ಕೊಬ್ಬರಿ ಬೆಳ್ಳಗೆ ಒಣಗಿ ಪೇಟೆಗೆ ಹೋಯಿತು.

ಇಂತಹ ಗೂಡನ್ನು ಕಟ್ಟಿಸಲು ಬಯಸುವ ರೈತ ಬಾಂಧವರು ಮಂಗಳೂರಿನ ಕಂಕನಾಡಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ, ತಮ್ಮ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯನ್ನಾಗಲಿ ಮಳೆಗಾಲಕ್ಕೆ ಮುಂಚಿತವಾಗಿಯೇ ವಿಚಾರಿಸುವುದು ಒಳ್ಳೆಯದು.